ಬಾಲಕ್ಕೆ ಕೊಟ್ಟ ಬೆಲೆ

ಪ್ರೌಢಶಾಲೆಯಲ್ಲಿ ನನ್ನ ಇತಿಹಾಸದ ತರಗತಿಯಲ್ಲಿ ಕುಳಿತವರಿಗೆ ನೂನಿಜ್ ಬರೆದ ಕುದುರೆ ಬಾಲದ ಪ್ರಸಂಗ ಮರೆತಿರಲಾರದು. ಪೋರ್ಚುಗಲ್ಲಿನ ಈ ಕುದುರೆ ವ್ಯಾಪಾರಿ 1535ರಿಂದ 1537ರ ವರೆಗೆ ವಿಜಯನಗರದಲ್ಲಿದ್ದವನು. ಅವನ ಬರಹದ ಪ್ರಕಾರ, ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಬರುತ್ತಿದ್ದ ಕುದುರೆಗಳಿಗೆ ವ್ಯಾಪಾರಿಗಳು ಕೇಳಿದಷ್ಟು ಹಣ ಕೊಡುತ್ತಿದ್ದನು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯೇ ಸಲ್ಲುತ್ತಿತ್ತು. ಪಾಠ ಇಲ್ಲಿಗೆ ಬಂದಾಗ ತರಗತಿಯೆಲ್ಲ ನಗುತ್ತಿತ್ತು. ನಷ್ಟದ ಭಯವಿಲ್ಲದ ವ್ಯಾಪಾರಿ ಮರುವರ್ಷವೂ ಬರುತ್ತಾನೆ, ಆದ್ದರಿಂದ ಅರಸನು ದಡ್ಡನಲ್ಲ ಎಂದು ನಾನು ವಿವರಿಸುತ್ತಿದ್ದೆ. ಅಂದು ನಕ್ಕ ನಾವು ಇಂದು ಅಂಥ ಯಾವ ಲೆಕ್ಕಾಚಾರವೂ ಇಲ್ಲದೆ ಬಾಲಕ್ಕೆ ಬೆಲೆ ಕೊಡುತ್ತಿದ್ದೇವೆ. ಈ ಲೇಖನ ಅದನ್ನು ಕುರಿತದ್ದು.

ಪ್ರಸಂಗ ಹೀಗಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವಾರ ಮೂರು ಕುದುರೆಗಳ ವಿಡಿಯೋಗಳನ್ನು ಕಳುಹಿಸಿದ್ದಾಳೆ. ಎರಡು ಸ್ಪೇನಿನವು, ಒಂದು ಪೋರ್ಚುಗಲ್ಲಿನದು. ಆಕೆಗೆ ನಲವತ್ತಾರು ವಯಸ್ಸು. ನಾಲ್ಕು ವರ್ಷಗಳಿಂದ ಸವಾರಿ ಕಲಿಯುತ್ತಿದ್ದಾಳೆ. ಹವ್ಯಾಸಿಯಾಗಿ ಡ್ರೆಸಾಜ್ ಸ್ಪರ್ಧೆಗಳಿಗೆ ಇಳಿಯುವ ಆಸೆ. "ಸರ್, ನಿಮ್ಮ ಮಗಳ ಹತ್ತಿರ ಇಂಥದೇ ಕುದುರೆ ಇದೆಯಲ್ಲ. ಮೂರರಲ್ಲಿ ಯಾವುದು ಒಳ್ಳೆಯದು ಎಂದು ನೀವಿಬ್ಬರೂ ನೋಡಿ ಹೇಳಿ" ಎಂದು ಕೇಳಿದ್ದಾಳೆ. ಇತ್ತ, ಮೊನ್ನೆ ಮದುವೆ ಮನೆಯಲ್ಲಿ ಇದೇ ವಿಷಯ ಬಂದಾಗ ನನ್ನ ಷಡ್ಡಕರು, "ಆ ದೇಶದ ಕುದುರೆಯ ಸಹವಾಸವೇ ಬೇಡವೆಂದು ಹೇಳಿಬಿಡಿ. ನಿಮ್ಮ ಮಗಳು ಬಿದ್ದದ್ದು ಸಾಲದೆ?" ಎಂದರು. ಇಬ್ಬರ ಮಾತಿನಲ್ಲಿಯೂ ಒಂದೇ ತಪ್ಪಿದೆ. ಆದ್ದರಿಂದ ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ.

ಡ್ರೆಸಾಜ್ ಎಂಬ ಮಾತು ನಮ್ಮಲ್ಲಿ ಹಲವರ ಕಿವಿಗೆ ಮೊದಲು ಬಿದ್ದದ್ದು 2023ರಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಅದರಲ್ಲಿ ಚಿನ್ನದ ಪದಕ ಗೆದ್ದಾಗ. ಇಪ್ಪತ್ತು ಮೀಟರ್ ಅಗಲ, ನಲವತ್ತು ಅಥವಾ ಅರವತ್ತು ಮೀಟರ್ ಉದ್ದದ ಅಂಗಳದಲ್ಲಿ, ಗೊತ್ತುಪಡಿಸಿದ ಕ್ರಮದಲ್ಲಿ ಕುದುರೆಯನ್ನು ನಡೆಸಿ, ಓಡಿಸಿ, ತಿರುಗಿಸಿ, ನಿಲ್ಲಿಸಿ ತೋರಿಸುವ ವಿದ್ಯೆ ಅದು. ಪ್ರತಿಯೊಂದು ಚಲನೆಗೂ ಸೊನ್ನೆಯಿಂದ ಹತ್ತರ ವರೆಗೆ ಅಂಕ. ಐಬೀರಿಯಾದ ಕುದುರೆ ಎಂದರೆ ಮುಖ್ಯವಾಗಿ ಎರಡು: ಅಂದಲೂಸಿಯನ್ ಎಂದು ಜನ ಕರೆಯುವ ಸ್ಪೇನಿನ ಶುದ್ಧ ತಳಿ ಮತ್ತು ಪೋರ್ಚುಗಲ್ಲಿನ ಲುಸಿಟಾನೊ. ಇವು ಒಂದೇ ಮೂಲದ ದಾಯಾದಿಗಳು. ಸ್ಪೇನಿನವರು ತಮ್ಮ ತಳಿಯ ವಂಶಾವಳಿ ಪುಸ್ತಕವನ್ನು 1912ರಲ್ಲಿ ಆರಂಭಿಸಿದರು. ಪೋರ್ಚುಗಲ್ಲಿನವರು 1960ರ ದಶಕದಲ್ಲಿ ಬೇರೆ ಪುಸ್ತಕ ಮಾಡಿಕೊಂಡರು.

ಮೊದಲು ಷಡ್ಡಕರಿಗೆ ಉತ್ತರ. ಈ ಕುದುರೆ ಹವ್ಯಾಸಿಗೆ ಹೊಂದುವುದಿಲ್ಲವೆಂಬುದು ನಿಜವಲ್ಲ. ಯುರೋಪಿನ ಸವಾರಿ ವಿದ್ಯೆ ಬೆಳೆದದ್ದೇ ಇದರ ಬೆನ್ನಿನ ಮೇಲೆ. ವಿಯೆನ್ನಾದ ಪ್ರಸಿದ್ಧ ಸವಾರಿ ಶಾಲೆಗೆ ಇಂದಿಗೂ 'ಸ್ಪ್ಯಾನಿಷ್' ಎಂಬ ಹೆಸರಿರುವುದು ಈ ಕುದುರೆಗಳಿಂದಲೇ. ಪೋರ್ಚುಗಲ್ಲಿನ ಆಲ್ತೇರ್ ಅಶ್ವಶಾಲೆಯನ್ನು ಅಲ್ಲಿಯ ಅರಸು ಮನೆತನ 1748ರಲ್ಲಿ ಸ್ಥಾಪಿಸಿತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನಿನ ಡ್ರೆಸಾಜ್ ತಂಡ ಬೆಳ್ಳಿ ಗೆದ್ದಾಗ ನಾಲ್ಕರಲ್ಲಿ ಮೂರು ಕುದುರೆಗಳು ಸ್ವದೇಶಿ ತಳಿಯವು. ಇವೆಲ್ಲ ದೊಡ್ಡವರ ಮಾತು. ಹವ್ಯಾಸಿಗೆ ಬೇಕಾದ ಗುಣಗಳೂ ಇದರಲ್ಲಿವೆ. ದೇಹ ಅಡಕವಾದದ್ದು, ಎತ್ತರ ಸಾಮಾನ್ಯವಾಗಿ ನೂರೈವತ್ತೈದರಿಂದ ನೂರರವತ್ತೈದು ಸೆಂಟಿಮೀಟರ್. ಜರ್ಮನಿ, ಹಾಲೆಂಡ್‌ಗಳ ವಾರ್ಮ್‌ಬ್ಲಡ್ ಕುದುರೆಯ ನೀಳವಾದ ಟ್ರಾಟ್ ಸವಾರನನ್ನು ಜೀನಿನಿಂದ ಎತ್ತಿ ಎತ್ತಿ ಹಾಕುವಾಗ, ಇದರ ಟ್ರಾಟ್‌ನಲ್ಲಿ ನಡುವಯಸ್ಸಿನ ಬೆನ್ನು ನೆಮ್ಮದಿಯಾಗಿ ಕುಳಿತಿರಬಲ್ಲದು. ಐದಡಿ ಎರಡಂಗುಲದ ನನ್ನ ಮಗಳು ಇದನ್ನು ಬಯಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಇದೇ ಮಾತನ್ನು ಹಿಡಿದು, "ಐಬೀರಿಯಾದ ಕುದುರೆ ಸ್ವಭಾವತಃ ಸಾಧು, ಯಾರು ಬೇಕಾದರೂ ಏರಬಹುದು" ಎಂದು ಮಾರುವವರಿದ್ದಾರೆ. ಅವರ ಮಾತು ಷಡ್ಡಕರ ಮಾತಿನ ಮತ್ತೊಂದು ಮುಖ. ಕುಲದ ಹೆಸರು ಕೇಳಿ ಹುಡುಗನ ಗುಣ ನಿರ್ಧರಿಸುವ ಚಟ ನಮ್ಮವರಿಗೆ ಹೊಸದಲ್ಲ. ಮೂವತ್ತಮೂರು ವರ್ಷ ಮೇಷ್ಟರಾಗಿದ್ದ ನಾನು ಅದರ ವಿರುದ್ಧ ಮಾತನಾಡಿ ದಣಿದಿದ್ದೇನೆ. ಈ ಕುದುರೆಗಳನ್ನು ಶತಮಾನಗಳ ಕಾಲ ಬೆಳೆಸಿದ್ದು ಯುದ್ಧಕ್ಕಾಗಿ, ದನ ಕಾಯುವುದಕ್ಕಾಗಿ, ಕುದುರೆಯ ಮೇಲೆ ಕುಳಿತು ಗೂಳಿಯನ್ನು ಎದುರಿಸುವ ಕಾಳಗಕ್ಕಾಗಿ. ಗೂಳಿಯ ಕೊಂಬು ಒಂದು ಮೊಳದಷ್ಟು ಹತ್ತಿರ ಬಂದಾಗ ಸವಾರನ ಸೊಂಟದ ಅಲುಗಾಟವನ್ನೇ ಅಪ್ಪಣೆಯೆಂದು ತಿಳಿದು ಪಕ್ಕಕ್ಕೆ ಜಿಗಿಯಬಲ್ಲ ಕುದುರೆಗೆ ಅಲ್ಲಿ ಬೆಲೆ. ಆ ಚುರುಕು ಬಲ್ಲವನ ಕೈಯಲ್ಲಿ ವರ. ಹತೋಟಿ ತಪ್ಪಿ ಅಲುಗುವ ಸೊಂಟ, ಹೆದರಿದಾಗ ಬಿಗಿಯುವ ಕಾಲುಗಳುಳ್ಳ ಕಲಿಕೆಯ ಸವಾರನ ಪ್ರತಿಯೊಂದು ತಪ್ಪೂ ಆ ಕುದುರೆಗೆ ಅಪ್ಪಣೆಯಂತೆಯೇ ಕೇಳಿಸುತ್ತದೆ. ಒಂದೇ ತಳಿಯಲ್ಲಿ ಮಗುವನ್ನು ಹೊತ್ತು ತಿರುಗುವ ಕುದುರೆಯೂ ಉಂಟು, ಎಲೆ ಅಲುಗಿದರೆ ನೆಗೆಯುವ ಕುದುರೆಯೂ ಉಂಟು. ಕೊಳ್ಳುವವನು ಏರುವುದು ತಳಿಯನ್ನಲ್ಲ, ಒಂದು ಕುದುರೆಯನ್ನು.

ಈಗ ನನ್ನ ಶಿಷ್ಯೆಗೆ ಉತ್ತರ. ನೀನು ಕಳುಹಿಸಿದ ಮೂರು ವಿಡಿಯೋಗಳನ್ನೂ ಎರಡೆರಡು ಬಾರಿ ನೋಡಿದೆನಮ್ಮ. ಮೊದಲನೆಯದು ಬೆಳ್ಳಗಿನ ಕುದುರೆ. ಕೊರಳ ಕೂದಲು ಭುಜದ ಕೆಳಗಿನ ವರೆಗೆ ಇಳಿಬಿದ್ದಿದೆ. ನಿಂತಲ್ಲೇ ತಾಳಕ್ಕೆ ಹೆಜ್ಜೆ ಹಾಕುತ್ತದೆ. ಇದಕ್ಕೆ ಪಿಯಾಫ್ ಎನ್ನುತ್ತಾರೆ. ಎರಡನೆಯದು ಮುಂಗಾಲನ್ನು ಸೈನಿಕನಂತೆ ಚಾಚಿ 'ಸ್ಪ್ಯಾನಿಷ್ ನಡಿಗೆ' ತೋರಿಸುತ್ತದೆ. ಮೂರನೆಯದಕ್ಕೆ ಹಿನ್ನೆಲೆಯಲ್ಲಿ ಗಿಟಾರ್ ಸಂಗೀತ. ಮೂರರಲ್ಲಿ ಒಂದಾದರೂ, ಸವಾರ ಹತ್ತುವಾಗ ಸುಮ್ಮನೆ ನಿಂತದ್ದನ್ನು ತೋರಿಸಿದೆಯೆ? ಲಗಾಮು ಸಡಿಲಬಿಟ್ಟು ನಾಲ್ಕು ನಿಮಿಷ ನಡೆದದ್ದನ್ನು ತೋರಿಸಿದೆಯೆ? ಇಲ್ಲ. ಹಾಗಾದರೆ ನೀನು ನೋಡಿದ್ದು ಬಾಲ.

ಇದನ್ನು ಇಷ್ಟು ಕಟುವಾಗಿ ಹೇಳಲು ನನಗೆ ಕಾರಣವಿದೆ. 2016ರಲ್ಲಿ ನನ್ನ ಮಗಳು ಹೀಗೆಯೇ ಒಂದು ವಿಡಿಯೋ ತೋರಿಸಿದಳು. ದಕ್ಷಿಣ ಸ್ಪೇನಿನ ಒಬ್ಬ ವ್ಯಾಪಾರಿಯ ಬಳಿಯಿದ್ದ ಏಳು ವರ್ಷದ ಬೂದು ಬಿಳಿ ಕುದುರೆ. "ಅಪ್ಪ, ಹೇಗಿದೆ?" ಎಂದಳು. ಕುದುರೆಯ ವಿಷಯದಲ್ಲಿ ಕವಡೆಯಷ್ಟೂ ತಿಳಿಯದ ನಾನು, "ಕೃಷ್ಣದೇವರಾಯನೇ ಏರಬಹುದಮ್ಮ, ಕೊಂಡುಕೋ" ಎಂದೆ. ಅವಳು ಒಮ್ಮೆ ಹೋಗಿ, ಒಂದೇ ದಿನ, ಅರ್ಧ ಗಂಟೆ ಸವಾರಿ ಮಾಡಿ ಒಪ್ಪಿ ಬಂದಳು. ಅಂದು ಕುದುರೆ ಕುರಿಯಂತಿತ್ತಂತೆ. ಮನೆಗೆ ಬಂದ ಮೂರನೆಯ ವಾರ, ನಾನು ಬೇಲಿಯ ಹೊರಗೆ ನಿಂತು ನೋಡುತ್ತಿದ್ದಂತೆ, ಪಕ್ಕದ ಹೊಲದಲ್ಲಿ ಯಾರೋ ಪ್ಲಾಸ್ಟಿಕ್ ಹಾಳೆ ಕೊಡವಿದರು. ಕುದುರೆ ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿತು; ಎರಡನೆಯ ನೆಗೆತಕ್ಕೆ ಮಗಳು ನೆಲದಲ್ಲಿದ್ದಳು. ಕೊರಳೆಲುಬು ಮುರಿಯಿತು. ಹೆಲ್ಮೆಟ್ಟಿನ ಹಿಂಭಾಗ ಬಿರುಕು ಬಿಟ್ಟಿತ್ತು. ಆ ಬಿರುಕನ್ನು ನೋಡಿದ ಮೇಲೆ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಲೆಯಲ್ಲಿ ಸುತ್ತುತ್ತಿದ್ದದ್ದು ಪ್ಲಾಸ್ಟಿಕ್ ಹಾಳೆಯಲ್ಲ, ನಾನಾಡಿದ 'ಕೊಂಡುಕೋ' ಎಂಬ ಮಾತು.

ವ್ಯಾಪಾರಿ ಸುಳ್ಳು ಹೇಳಿದನೆ? ಬಹುಕಾಲ ಹಾಗೆಂದೇ ಶಪಿಸುತ್ತಿದ್ದೆ. ಈಗ ಯೋಚಿಸಿದರೆ, ಅವನು ಹೇಳಿದ್ದರಲ್ಲಿ ಹೆಚ್ಚಿನದು ನಿಜವೇ ಆಗಿರಬಹುದು. ಅಲ್ಲಿ ವೃತ್ತಿಪರ ಸವಾರನೊಬ್ಬ ವಾರಕ್ಕೆ ಆರು ದಿನ ಆ ಕುದುರೆಯನ್ನು ದುಡಿಸುತ್ತಿದ್ದ. ನನ್ನ ಮಗಳಿಗೆ ಕಚೇರಿಯ ಕೆಲಸದ ನಡುವೆ ವಾರಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. ಅದೇ ಧಾನ್ಯ, ಅರ್ಧ ಕೆಲಸ, ಹೊಸ ಲಾಯ, ಹೊಸ ಭಾಷೆ, ಅಳುಕುವ ಕೈ. ಇನ್ನೊಂದು ಸಂಗತಿಯನ್ನೂ ನಾವು ಕೇಳಲಿಲ್ಲ. ಸ್ಪೇನಿನಲ್ಲಿ ಗಂಡುಕುದುರೆಗಳನ್ನು ಬೀಜ ತೆಗೆಸದೆಯೇ ಬೆಳೆಸಿ ಪಳಗಿಸುವುದು ಹಳೆಯ ರೂಢಿ. ಎಷ್ಟೋ ಕುದುರೆಗಳಿಗೆ ಗಿರಾಕಿ ಗೊತ್ತಾದ ಮೇಲೆಯೇ ಬೀಜ ತೆಗೆಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮರುದಿನವೇ ಸ್ವಭಾವ ಬದಲಾಗುವುದಿಲ್ಲ. ಗಂಡಿನ ಆವೇಶ ಇಳಿಯಲು ವಾರಗಳು, ತಿಂಗಳುಗಳು ಬೇಕು. ವರ್ಷಗಳ ಅಭ್ಯಾಸ ಕೆಲವದರಲ್ಲಿ ಉಳಿದೇಬಿಡುತ್ತದೆ. ಹೀಗಾಗಿ ವ್ಯಾಪಾರಿ ಉತ್ತರ ಬಚ್ಚಿಟ್ಟದ್ದಕ್ಕಿಂತ ನಾವು ಪ್ರಶ್ನೆ ಕೇಳದೆ ಹೋದದ್ದು ದೊಡ್ಡ ತಪ್ಪು.

ಆದರೂ ಮಾರುಕಟ್ಟೆಯನ್ನು ಪೂರ್ತಿ ನಿರ್ದೋಷಿಯೆಂದು ಬಿಡಲಾರೆ. ಪರದೇಶದ ಗಿರಾಕಿ ಪಿಯಾಫ್ ಕಂಡರೆ ಕಣ್ಣರಳಿಸುತ್ತಾನೆಂದು ತಿಳಿದು, ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಎಳೆಯ ಕುದುರೆಗೆ ಅದನ್ನು ಕಲಿಸುವವರಿದ್ದಾರೆ. ಅಕ್ಷರಮಾಲೆ ಬಾರದ ಮಗುವಿಗೆ ಒಂದು ಭಾಷಣ ಬಾಯಿಪಾಠ ಮಾಡಿಸಿ ವಾರ್ಷಿಕೋತ್ಸವದಲ್ಲಿ ನಿಲ್ಲಿಸಿದಂತೆ ಇದು. ನಾನು ಕೇಳುವುದು ಇಷ್ಟೇ: ಹವ್ಯಾಸಿಗೆ ಪಿಯಾಫ್ ಏಕೆ? ಆರಂಭದ ಹಂತದ ಪರೀಕ್ಷೆಗಳಲ್ಲಿ ಇರುವುದು ನಡಿಗೆ, ಟ್ರಾಟ್, ಕ್ಯಾಂಟರ್, ಇಪ್ಪತ್ತು ಮೀಟರಿನ ವೃತ್ತ, ನಿಲುಗಡೆ. ಪಿಯಾಫ್ ಬರುವುದು ಗ್ರಾಂ ಪ್ರಿ ಸಮೀಪಿಸಿದಾಗ. ಹೆಚ್ಚಿನ ಹವ್ಯಾಸಿಗಳು ಆಯುಷ್ಯದಲ್ಲಿ ಅಲ್ಲಿಯವರೆಗೆ ಹೋಗುವುದಿಲ್ಲ. ಇನ್ನೊಂದು ಕಡೆ, ಲಗಾಮು ಉದ್ದಬಿಟ್ಟು ನಿರಾಳವಾಗಿ ನಡೆಸುವ ಚಲನೆಗೆ ಆರಂಭದ ಅನೇಕ ಪರೀಕ್ಷೆಗಳಲ್ಲಿ ಅಂಕವನ್ನು ಎರಡರಿಂದ ಗುಣಿಸುತ್ತಾರೆ. ಅಂಕ ಹಾಕುವುದೇ ವೃತ್ತಿಯಾಗಿದ್ದ ನನಗೆ ಈ ನಿಯಮ ತಿಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡರಷ್ಟು ಅಂಕದ ಪ್ರಶ್ನೆಯನ್ನು ಬಿಟ್ಟು, ಪಠ್ಯದಲ್ಲೇ ಇಲ್ಲದ ಪ್ರಶ್ನೆಗೆ ನಾವು ಹಣ ಸುರಿದಿದ್ದೆವು.

ಎರಡನೆಯ ಕುದುರೆಯನ್ನು ಹುಡುಕಿದ್ದು 2018ರಲ್ಲಿ. ಈ ಬಾರಿ ನಾನು ಅಭಿಪ್ರಾಯ ಹೇಳಲಿಲ್ಲ. ಬದಲಾಗಿ, ಮಗಳ ಸವಾರಿ ಗುರುಗಳು ಹೇಳಿದ್ದನ್ನು ಪ್ರಶ್ನೆಪತ್ರಿಕೆಯಂತೆ ಬರೆದುಕೊಂಡೆ. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಬೇಕು. ಕುದುರೆ ಲಾಯದಲ್ಲಿ ತಣ್ಣಗೆ ನಿಂತಿರಬೇಕು. ಜೀನು ಕೂರುವ ಜಾಗದಲ್ಲಿ ಕೈಯಾಡಿಸಿದಾಗ ಬೆವರಿನ ತೇವವಿದ್ದರೆ, ಉದ್ದ ಹಗ್ಗದಲ್ಲಿ ಸುತ್ತ ಓಡಿಸಿ ದಣಿಸಿಟ್ಟಿದ್ದಾರೆಂದು ಅನುಮಾನಿಸಬೇಕು. ಜೀನು ಕಟ್ಟುವುದು ನಮ್ಮ ಕಣ್ಣೆದುರಿನಲ್ಲೇ ಆಗಬೇಕು. ಮೊದಲು ಮಾರುವವರ ಕಡೆಯವರೇ ಏರಿ ತೋರಿಸಬೇಕು. ಅವರು ಹಿಂದೆ ಸರಿದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬರಬೇಕು. ಮೂಗಿನ ಏಣಿನ ಮೇಲೆ ಬೆರಳಾಡಿಸಿ ನೋಡಬೇಕು. ಹಲ್ಲುಗಳಿರುವ ಲೋಹದ ಪಟ್ಟಿಯನ್ನು ಮೂಗಿಗೆ ಕಟ್ಟಿ ಪಳಗಿಸುವ ಪದ್ಧತಿ ಸ್ಪೇನಿನಲ್ಲುಂಟು. ಅದಕ್ಕೆ ಸೆರೆಟಾ ಎಂದು ಹೆಸರು. ಅದರ ಕಲೆ ಇದ್ದ ಮಾತ್ರಕ್ಕೆ ಕುದುರೆ ಕೆಟ್ಟದ್ದಲ್ಲ, ಆದರೆ ಅದಕ್ಕೆ ಪಾಠ ಹೇಳಿದ್ದು ಹೇಗೆಂಬುದನ್ನು ವಿಚಾರಿಸಬೇಕಾಗುತ್ತದೆ.

ಆಮೇಲೆ ನಿನ್ನ ಸರದಿ. ರಿಕಾಪಿಗೆ ಕಾಲಿಡುವಾಗ ಕುದುರೆ ನಿಲ್ಲುತ್ತದೆಯೆ? ಲಗಾಮು ಉದ್ದಬಿಟ್ಟರೆ ತಲೆ ತಗ್ಗಿಸಿ ನಡೆಯುತ್ತದೆಯೆ, ಓಡಲು ಕಾತರಿಸುತ್ತದೆಯೆ? ನಡುವೆ ನಿಲ್ಲಿಸಿ ಎರಡು ನಿಮಿಷ ಮಾತನಾಡುತ್ತಿದ್ದರೆ ಸಹಿಸುತ್ತದೆಯೆ? ಅಂಗಳದ ಹೊರಗೆ, ಜೊತೆಗೆ ಬೇರೆ ಕುದುರೆಯಿಲ್ಲದೆ, ಟ್ರ್ಯಾಕ್ಟರ್ ಹೋಗುವ ರಸ್ತೆಯಲ್ಲಿ ಹೋಗಿಬರುತ್ತದೆಯೆ? ಇಷ್ಟಕ್ಕೂ ಉತ್ತರ ಸಿಕ್ಕಿದ ಮೇಲೆ ಎರಡನೆಯ ಬಾರಿ ಹೋಗಬೇಕು. ಅದಕ್ಕೆ ಮುಂಚೆ ಎರಡು ದಿನ ಕುದುರೆಯನ್ನು ಯಾರೂ ಏರಬಾರದೆಂದು ಕೇಳಿಕೊಳ್ಳಬೇಕು. ಹವ್ಯಾಸಿಯ ಮನೆಯಲ್ಲಿ ಪ್ರತಿ ವಾರ ಆಗುವುದು ಅದೇ ತಾನೆ? ಗಾಳಿ ಬೀಸುವ ದಿನವಾದರೆ ಇನ್ನೂ ಒಳ್ಳೆಯದು. ಒಳ್ಳೆಯ ದಿನದಲ್ಲಿ ಕುದುರೆ ಎಷ್ಟು ಚೆನ್ನಾಗಿರುತ್ತದೆ ಎಂಬುದಕ್ಕಲ್ಲ, ಕೆಟ್ಟ ದಿನದಲ್ಲಿ ಎಷ್ಟು ಕೆಡುತ್ತದೆ ಎಂಬುದಕ್ಕೆ ಹಣ ಕೊಡಬೇಕು ಎಂಬುದು ಆ ಗುರುಗಳ ಮಾತು.

ಕೊನೆಗೆ ಪಶುವೈದ್ಯರು. ಅವರು ಕೊಳ್ಳುವವರು ಗೊತ್ತುಮಾಡಿದವರಾಗಿರಬೇಕು, ಮಾರುವವರ ಮನೆಯ ವೈದ್ಯರಲ್ಲ. ಇಂಗ್ಲೆಂಡಿನಲ್ಲಿ ಐದು ಹಂತದ ಪರೀಕ್ಷೆಯೆಂಬುದೊಂದಿದೆ: ನಿಂತಲ್ಲಿ ತಪಾಸಣೆ, ಕೈಯಲ್ಲಿ ಹಿಡಿದು ನಡೆಸುವುದು ಮತ್ತು ಓಡಿಸುವುದು, ದಣಿಯುವಂತೆ ವ್ಯಾಯಾಮ, ವಿಶ್ರಾಂತಿ, ಮತ್ತೊಮ್ಮೆ ಓಡಿಸಿ ನೋಡುವುದು. ಜೊತೆಗೆ ರಕ್ತದ ಮಾದರಿ ತೆಗೆದು ಆರು ತಿಂಗಳು ಕಾಪಿಡುತ್ತಾರೆ. ನೋವು ಮರೆಸುವ ಅಥವಾ ಮಂಕು ಕವಿಸುವ ಔಷಧ ಕೊಟ್ಟಿದ್ದರೆಂಬ ಅನುಮಾನ ಆಮೇಲೆ ಬಂದರೆ ಅದನ್ನು ಪರೀಕ್ಷಿಸಬಹುದು. ಬೆನ್ನಿನ ಎಕ್ಸ್‌ರೇಯನ್ನೂ ಕೇಳಿ ತೆಗೆಸಬೇಕು. ನೋವಿರುವ ಬೆನ್ನಿನ ಮೇಲೆ ಸಾಧು ಸ್ವಭಾವ ಬಹಳ ಕಾಲ ಉಳಿಯುವುದಿಲ್ಲ. ಬಿಳಿ ಕುದುರೆಯನ್ನೇ ಹಟ ಹಿಡಿದು ಹುಡುಕುವವರು, ವಯಸ್ಸಾದ ಬಿಳಿ ಕುದುರೆಗಳಲ್ಲಿ ಹೆಚ್ಚಿನವಕ್ಕೆ ಬಾಲದ ಬುಡದಲ್ಲಿ ಚರ್ಮದ ಗಂಟುಗಳು ಏಳುತ್ತವೆಂಬುದನ್ನೂ ತಿಳಿದಿರಲಿ. ಬಾಲ ಎತ್ತಿ ನೋಡಲೇಬೇಕಾದ ಸಂದರ್ಭ ಇದೊಂದೇ! ಅಮೆರಿಕದಲ್ಲಿರುವ ಬಂಧುಗಳು ಯಾರಾದರೂ ಈ ದಾರಿ ಹಿಡಿದರೆ, ಉಣ್ಣಿಯಿಂದ ಹರಡುವ ಪೈರೋಪ್ಲಾಸ್ಮೋಸಿಸ್ ರೋಗದ ಪರೀಕ್ಷೆಯನ್ನು ಹಣ ಕೊಡುವ ಮೊದಲೇ ಮಾಡಿಸಬೇಕು. ಆ ರೋಗ ಸ್ಪೇನ್, ಪೋರ್ಚುಗಲ್ಲುಗಳಲ್ಲಿ ಸಾಮಾನ್ಯ. ಕುದುರೆ ಆರೋಗ್ಯವಾಗಿಯೇ ಕಾಣಬಹುದು, ಆದರೆ ರಕ್ತದಲ್ಲಿ ಅದು ಕಂಡುಬಂದರೆ ಅಮೆರಿಕದ ಗಡಿಯಲ್ಲಿ ಒಳಗೆ ಬಿಡುವುದಿಲ್ಲ.

"ಸರ್, ಇಷ್ಟೆಲ್ಲ ಕೇಳಿದರೆ ಮಾರುವವರು ಬೇಸರಪಟ್ಟು ಬೇರೆಯವರಿಗೆ ಕೊಟ್ಟುಬಿಡುತ್ತಾರೆ" ಎಂದು ನೀನು ಹೇಳಬಹುದು. ಕೊಡಲಿ. ನಮ್ಮ ಹುಡುಕಾಟದಲ್ಲಿ ಹನ್ನೊಂದು ಕುದುರೆಗಳನ್ನು ನೋಡಿದೆವು. ನಾಲ್ವರು ಮಾರಾಟಗಾರರು ಬೇಸರಪಟ್ಟರು. ಹನ್ನೆರಡನೆಯದರ ಒಡತಿ ಮಾತ್ರ ನಮ್ಮ ಪ್ರಶ್ನೆಗಳಿಗಿಂತ ಹೆಚ್ಚು ಪ್ರಶ್ನೆಗಳನ್ನು ನಮಗೇ ಕೇಳಿದಳು: ವಾರಕ್ಕೆ ಎಷ್ಟು ದಿನ ಏರುತ್ತೀರಿ, ದಿನಕ್ಕೆಷ್ಟು ಹೊತ್ತು ಹುಲ್ಲುಗಾವಲಿಗೆ ಬಿಡುತ್ತೀರಿ, ಬಿದ್ದದ್ದುಂಟೆ, ಈಗ ಭಯವಿದೆಯೆ? ಅದು ಹದಿನಾಲ್ಕು ವರ್ಷದ ಕಂದು ಬಣ್ಣದ ಲುಸಿಟಾನೊ. ಚಿಕ್ಕಂದಿನಲ್ಲೇ ಬೀಜ ತೆಗೆಸಿದ್ದು. ಎಂಟು ವರ್ಷ ಅವಳಂಥದೇ ಹವ್ಯಾಸಿಯೊಬ್ಬಳನ್ನು ಹೊತ್ತದ್ದು. ಕೊರಳ ಕೂದಲು ತೆಳು, ಒಂದು ಕಿವಿಯ ತುದಿ ಹರಿದಿತ್ತು. ನನ್ನ ಷಡ್ಡಕರಿಗೆ ಫೋಟೋ ತೋರಿಸಿದಾಗ "ಇದೇನು, ಜಟಕಾ ಕುದುರೆಯ ಹಾಗಿದೆ" ಎಂದರು. ಹದಿನಾಲ್ಕು ವರ್ಷದ ಕುದುರೆಯನ್ನು ಕೊಂಡರೆ ಉಳಿದ ಆಯುಷ್ಯ ಕಡಿಮೆಯಲ್ಲವೆ ಎಂಬುದು ನ್ಯಾಯವಾದ ಆಕ್ಷೇಪ. ಹೌದು, ಕಡಿಮೆ. ಮುದಿತನದಲ್ಲಿ ಅದನ್ನು ಸಾಕುವ ಖರ್ಚನ್ನೂ ಲೆಕ್ಕಕ್ಕೆ ಹಿಡಿದೇ ಕೊಂಡೆವು. ಕಲಿಸಬೇಕಾದ ಕುದುರೆ ಕಲಿತ ಸವಾರನಿಗೆ, ಕಲಿತ ಕುದುರೆ ಕಲಿಯುವ ಸವಾರನಿಗೆ ಎಂಬುದು ಸ್ಪೇನಿನ ಕುದುರೆಗೂ ಅನ್ವಯ, ಜಟಕಾ ಕುದುರೆಗೂ ಅನ್ವಯ.

ಈಗ ಆ ಕುದುರೆ ಇಪ್ಪತ್ತು ದಾಟಿದೆ. ಸ್ಪರ್ಧೆ ನಿಂತಿದೆ, ಭಾನುವಾರ ಬೆಳಿಗ್ಗೆ ಮಗಳು ಅದರ ಮೇಲೆ ಹಳ್ಳಿಯ ದಾರಿಯಲ್ಲಿ ಹೋಗಿಬರುತ್ತಾಳೆ. ಹೋದ ಸಲ ನಾನು ಹೋಗಿದ್ದಾಗ, ಅದೇ ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ಗೊಬ್ಬರದ ಗಾಡಿಯೊಂದು ಸದ್ದು ಮಾಡುತ್ತ ಬಂತು. ಕುದುರೆ ಒಮ್ಮೆ ಕಿವಿ ನಿಮಿರಿಸಿತು, ನಿಂತಿತು, ನೋಡಿತು, ಮುಂದೆ ನಡೆಯಿತು. ಬೇಲಿಯ ಕಂಬವನ್ನು ಬಿಗಿಯಾಗಿ ಹಿಡಿದಿದ್ದ ನನ್ನ ಕೈ ಸಡಿಲವಾಗಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು.

ಆದ್ದರಿಂದ, ಮಗಳೇ, ನಿನ್ನ ಮೂರು ಉತ್ತರಪತ್ರಿಕೆಗಳಿಗೂ ಅಂಕ ಹಾಕದೆ ಹಿಂದಿರುಗಿಸುತ್ತಿದ್ದೇನೆ. ಆ ಮೂವರು ಮಾರಾಟಗಾರರಿಗೂ ಬರೆದು ಇನ್ನೊಂದು ವಿಡಿಯೋ ಕೇಳು: ಕುದುರೆಯನ್ನು ಲಾಯದಿಂದ ಹೊರತಂದು, ಜೀನು ಕಟ್ಟಿ, ಒಬ್ಬರು ಹತ್ತುವ ವರೆಗಿನದು. ಹತ್ತು ನಿಮಿಷ, ಎಲ್ಲಿಯೂ ಕತ್ತರಿಸದೆ, ಸಂಗೀತವಿಲ್ಲದೆ. ಕಳುಹಿಸಿದವರ ಕುದುರೆಯನ್ನು ಹೋಗಿ ನೋಡು. ಹೋಗುವಾಗ ನಿನ್ನ ಗುರುಗಳನ್ನು ಜೊತೆಗೆ ಕರೆದುಕೊಂಡು ಹೋಗು. ಅದು ಚೆನ್ನಾಗಿದೆಯೇ ಎಂದು ನನ್ನನ್ನು ಮಾತ್ರ ಕೇಳಬೇಡ. ನಾನು ಈಗಲೂ ಮೊದಲು ನೋಡುವುದು ಕೊರಳ ಕೂದಲನ್ನೇ.